ತಂಬಾಕು ತಿನ್ನದವರ ನಾಲಿಗೆಯ ಹುಣ್ಣು

2005ರಲ್ಲಿ ನಾನು ಹೈದರಾಬಾದಿನ ಅಬಿಡ್ಸ್ ಬಳಿಯ ಒಂದು ದಂತ ಆಸ್ಪತ್ರೆಯಲ್ಲಿ ಕಿರಿಯ ವೈದ್ಯೆ. ನಮ್ಮ ಮನೆತನ ಮೂಲತಃ ಬೀದರಿನದು. ಕನ್ನಡದ ರೋಗಿಗಳು ಬಂದರೆ ನನ್ನ ಬಳಿಗೇ ಕಳಿಸುತ್ತಿದ್ದರು. ದಿನಚರಿಯಲ್ಲಿ ರೋಗಿಗಳ ಲೆಕ್ಕ ಇಡುವ ಅಭ್ಯಾಸ ನನಗೆ ಆಗಲೇ ಇತ್ತು. ಆ ಆಗಸ್ಟಿನಲ್ಲಿ ವಾಸಿಯಾಗದ ಬಾಯಿಹುಣ್ಣಿನವರು ಹನ್ನೊಂದು ಮಂದಿ ಬಂದರು. ಹತ್ತು ಮಂದಿ ತಂಬಾಕು ತಿನ್ನುವವರು. ಹನ್ನೊಂದನೆಯವರು ಶರಣಮ್ಮ.

ಯಾದಗಿರಿ ಕಡೆಯ ಅವರು ನಗರದ ಮಾದಾಪುರದಲ್ಲಿ ಏಳುತ್ತಿದ್ದ ಐಟಿ ಕಟ್ಟಡಗಳಿಗೆ ಕಾಂಕ್ರೀಟ್ ಹೊರುತ್ತಿದ್ದರು. ವಯಸ್ಸು ನಲವತ್ತೆರಡು. ನಾಲಿಗೆಯ ಎಡ ಅಂಚಿನಲ್ಲಿ ಗಟ್ಟಿ ಹುಣ್ಣು, ಮೂರು ತಿಂಗಳಿನದು. ಕ್ಯಾನ್ಸರ್ ಇದೆಯೇ ಎಂದು ತಿಳಿಯಲು ಬಯಾಪ್ಸಿ, ಅಂದರೆ ಹುಣ್ಣಿನ ಚೂರು ತೆಗೆದು ಪರೀಕ್ಷಿಸುವುದು, ಆಗಲೇಬೇಕಿತ್ತು.

"ತಂಬಾಕು ತಿಂತೀರೇನ್ರಿ?"

"ಇಲ್ರೀ."

"ಕದ್ದು ತಿಂತಾಳ್ರಿ," ಎಂದರು ಜೊತೆಗೆ ಬಂದಿದ್ದ ಅತ್ತೆ ನಿಂಗಮ್ಮ, ತಮ್ಮ ದವಡೆಯಲ್ಲಿದ್ದ ತಂಬಾಕನ್ನು ಅತ್ತ ಸರಿಸಿ.

ಶರಣಮ್ಮ ಎದ್ದೇಬಿಟ್ಟರು. "ಪರೀಕ್ಷಾ ಬ್ಯಾಡ್ರಿ. ಮಾಡಿಸ್ಕೊಂಡ್ರ ತಿಂದೀನಿ ಅಂತ ಒಪ್ಪಿದಂಗ ಆಕ್ಕೈತಿ."

ಬಾಗಿಲು ದಾಟಿದರೆ ಅವರು ಮತ್ತೆ ಬರುವವರಲ್ಲ. "ನಾ ನಿಮ್ಮ ಮಾತು ನಂಬೀನ್ರಿ ಅಕ್ಕಾ," ಎಂದೆ. "ತಿನ್ನದವರಿಗೂ ಬರತೈತಿ. ಬ್ಯಾರೆ ಕಾರಣ ಹುಡುಕೂಣು, ಕುಂದರ್ರಿ."

ಕುಳಿತರು. ವಿಚಾರಿಸಿದಾಗ, ಹನ್ನೆರಡು ವರ್ಷದ ಹಿಂದೆ ಹೆರಿಗೆಯಲ್ಲಿ ಎರಡು ಬಾಟಲಿ ರಕ್ತ ಹಾಕಿದ್ದರೆಂದು ತಿಳಿಯಿತು. ಆ ಕಾಲದಲ್ಲಿ ದಾನಿಗಳ ರಕ್ತದಲ್ಲಿ ಹೆಪಟೈಟಿಸ್ ಸಿ ಇದೆಯೇ ಎಂದು ಎಲ್ಲೆಡೆ ನೋಡುತ್ತಿರಲಿಲ್ಲ. ಈ ವೈರಸ್ ಮುಖ್ಯವಾಗಿ ಕೆಡಿಸುವುದು ಲಿವರನ್ನು. ಬಾಯಿಯ ಕ್ಯಾನ್ಸರಿಗೂ ಅದಕ್ಕೂ ನಂಟಿರಬಹುದೆಂಬ ಅನುಮಾನವನ್ನು ನಾನು ಓದಿದ್ದೆ. ಬಯಾಪ್ಸಿಯ ಜೊತೆಗೆ ಆ ರಕ್ತಪರೀಕ್ಷೆಯನ್ನೂ ಬರೆದೆ.

ಎರಡೂ ಪಾಸಿಟಿವ್ ಬಂದವು. ಕ್ಯಾನ್ಸರ್ ಇನ್ನೂ ಮೊದಲ ಹಂತದಲ್ಲಿತ್ತು. ನಾಲಿಗೆಯ ಅಂಚನ್ನಷ್ಟೇ ತೆಗೆದದ್ದು ಸಾಕಾಯಿತು. ಲಿವರ್ ವೈದ್ಯರ ಬಳಿಗೂ ಕಳಿಸಿದೆವು.

ಆರು ವಾರದ ಮೇಲೆ ಶರಣಮ್ಮ ಅತ್ತೆಯನ್ನು ಎಳೆದುಕೊಂಡೇ ಬಂದರು. ಮಾತು ತುಸು ತೊದಲುತ್ತಿತ್ತು, ದನಿ ಮಾತ್ರ ತಗ್ಗಿರಲಿಲ್ಲ. "ಬಂದಾಗೊಮ್ಮೆ ನನಗ ಬಾಯಿ ತಗೀರಿ ಅಂತಿದ್ರಿ. ಇವತ್ತ ನೀವು ತಗೀರಿ. ಹುಣ್ಣು ಯಾತಕ್ಕ ಬಂತು ಅಂತ ನಮ್ಮ ಅತ್ತೀಗೆ ಹೇಳ್ರಿ."

"ಇವರ ರಕ್ತದಾಗ ಒಂದು ವೈರಸ್ ಸಿಕ್ಕೈತ್ರಿ," ಎಂದೆ. "ಹುಣ್ಣು ಅದರಿಂದ ಬಂದಿರಬಹುದು. ಖಾತ್ರಿ ಇನ್ನೂ ಯಾರಿಗೂ ಗೊತ್ತಿಲ್ಲ."

ನಿಂಗಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಇರಬಹುದು ಅನ್ನಾಕ ಇಷ್ಟು ಓದಬೇಕೇನವ್ವಾ?"

ಓದಬೇಕು. ಆ 'ಇರಬಹುದು' ನನ್ನ ವೃತ್ತಿಯ ಹೆಮ್ಮೆ. ಅದನ್ನು ಕಲಿಯದಿದ್ದರೆ ನಾನೂ ನಿಂಗಮ್ಮನವರಷ್ಟೇ ಖಾತ್ರಿಯಿಂದ ತಂಬಾಕೇ ಕಾರಣ ಎನ್ನುತ್ತಿದ್ದೆ, ಶರಣಮ್ಮ ಆ ದಿನ ಎದ್ದು ಹೋಗಿರುತ್ತಿದ್ದರು.