ಬೆನ್ನಡಿಗೆ ಹೋಗುವ ಕೈ

ನರ್ಸಿಂಗ್ ಕಲಿಯುವ ಹುಡುಗಿಯರು ಅಂದು ಬೆಳಿಗ್ಗೆ ಸರ್ಜಿಕಲ್ ವಾರ್ಡಿಗೆ ಬಂದವರು ಬಾಗಿಲಲ್ಲೇ ಗರ ಬಡಿದವರಂತೆ ನಿಂತುಬಿಟ್ಟರು. ಕಿಟಕಿ ಪಕ್ಕದ ಮಂಚದ ಮೇಲೆ, ರೋಗಿಗಳು ತೊಡುವ ಮಾಸಲು ಹಸಿರು ಅಂಗಿ ತೊಟ್ಟು, ತುರುಬು ಬಿಚ್ಚಿ ಕೂದಲು ಹರವಿಕೊಂಡು ಕೂತಿದ್ದವಳು ಅವರ ಬೆನ್ನಕ್ಕ. ದಿನಾ ಇದೇ ಬಾಗಿಲಲ್ಲಿ ನಿಂತು, ಬಂದವರ ಉಗುರಿನಿಂದ ಹಿಡಿದು ಬೂಟಿನ ದಾರದವರೆಗೆ ಕಣ್ಣಲ್ಲೇ ಜಾಲಾಡುತ್ತಿದ್ದ ಹೆಂಗಸು. ಆ ತುರುಬು ಬಿಚ್ಚಿದ್ದನ್ನು ಆಸ್ಪತ್ರೆಯ ಗೋಡೆಗಳೂ ಕಂಡಿರಲಿಲ್ಲ.

"ಏನ್ರೇ, ಹಾಗೆ ಬಾಯಿ ಬಿಟ್ಕೊಂಡು ನಿಂತ್ರಿ? ನಾನೇನು ದೆವ್ವಾನಾ?" ಎಂದಳು ಅವಳು. "ಪಿತ್ತಕೋಶದಲ್ಲಿ ಕಲ್ಲಂತೆ. ಇವತ್ತು ತೆಗೀತಾರೆ. ನಂಗೂ ಒಂದು ಹೊಟ್ಟೆ ಇದೆ ಅಂತ ಈಗ ಗೊತ್ತಾಯ್ತಾ?"

ನಗಬಹುದೋ ಇಲ್ಲವೋ ಎಂದು ಯಾರಿಗೂ ತಿಳಿಯಲಿಲ್ಲ.

ಬೆನ್ನಕ್ಕ ಎಂಬುದು ಹುಡುಗಿಯರು ಇಟ್ಟ ಹೆಸರು. ಎದುರಿಗೆ ಮೇಡಂ, ಮರೆಯಲ್ಲಿ ಬೆನ್ನಕ್ಕ. ಕಾಲೇಜಿನಲ್ಲಿ ಪುಸ್ತಕದ ಪಾಠ ಮುಗಿಸಿ ವಾರ್ಡಿಗೆ ಪೋಸ್ಟಿಂಗ್ ಬರುವ ಹುಡುಗಿಯರನ್ನು ಕೈಹಿಡಿದು ಕಲಿಸುವುದು ಅವಳ ಕೆಲಸ. ಮೊದಲು ಮೆಡಿಕಲ್ ವಾರ್ಡು: ಜ್ವರ, ಉಬ್ಬಸ, ಸಕ್ಕರೆ ಕಾಯಿಲೆ. ಆಮೇಲೆ ಸರ್ಜಿಕಲ್ ವಾರ್ಡು: ಕೊಯ್ದವರು, ಹೊಲಿಸಿಕೊಂಡವರು. ಅಲ್ಲಿ ಅವಳ ಮೊದಲ ಪಾಠವೂ ಒಂದೇ, ಕೊನೆಯ ಪಾಠವೂ ಒಂದೇ. ಆಪರೇಷನ್ ಆಗಿ ಬಂದ ರೋಗಿಯ ಬೆನ್ನಡಿಗೆ ಕೈ ಹಾಕು.

"ಹೊಟ್ಟೆ ಮೇಲಿನ ಡ್ರೆಸ್ಸಿಂಗ್ ಬೆಳ್ಳಗಿದೆ ಅಂತ ಖುಷಿಪಡ್ಬೇಡಿ," ಎನ್ನುತ್ತಿದ್ದಳು. "ನೀರು ಇಳಿಜಾರಿಗೆ ಹರಿಯುತ್ತೆ. ರಕ್ತ ಏನು ಬೆಟ್ಟ ಹತ್ತುತ್ತಾ? ಪಕ್ಕೆಯಿಂದ ಇಳಿದು ಬೆನ್ನ ಕೆಳಗೆ ರಬ್ಬರ್ ಶೀಟಿನ ಮೇಲೆ ಮಡುಗಟ್ಟಿ ಕೂತಿರುತ್ತೆ. ಮೇಲೆ ನೋಡೋದು ನೋಡಕ್ಕೆ ಬಂದ ನೆಂಟರ ಕೆಲಸ. ಕೆಳಗೆ ನೋಡೋದು ನಮ್ಮ ಕೆಲಸ. ನೋಡದೆ ಬಿಟ್ರೆ ಮನುಷ್ಯ ಸದ್ದಿಲ್ಲದೆ ಹೋಗಿಬಿಡ್ತಾನೆ."

ಈ ಪಾಠ ಅವಳಿಗೆ ಪುಸ್ತಕದಿಂದ ಬಂದದ್ದಲ್ಲ. ಅವಳ ಅವ್ವ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ದುಡಿದವಳು. ಶಾಲೆ ಬಿಟ್ಟ ಮೇಲೆ ಮಗಳು ಅಲ್ಲೇ ಹಬೆಯ ನಡುವೆ ಕೂತು ಅವ್ವ ಬಟ್ಟೆ ವಿಂಗಡಿಸುವುದನ್ನು ನೋಡುತ್ತಿದ್ದಳು. ಹೊದಿಕೆಗಳು ಚೊಕ್ಕ, ಹಾಸುಗಳು ಕೆಂಪು. ಮೇಲಿನದು ಹಾಗೇಕೆ, ಕೆಳಗಿನದು ಹೀಗೇಕೆ ಎಂದು ಕೇಳಿದರೆ ಅವ್ವ, "ನೋವೆಲ್ಲ ಕೆಳಗೇ ಇರೋದು ಮಗಾ, ಮೇಲೆ ಯಾರು ತೋರಿಸ್ತಾರೆ?" ಎಂದು ಹಾಸನ್ನು ತಣ್ಣೀರಿಗೆ ಎಸೆಯುತ್ತಿದ್ದಳು. ಆ ಮಾತು ಮಗಳ ತಲೆಯಲ್ಲಿ ಮೊಳೆ ಹೊಡೆದಂತೆ ಕೂತಿತು.

ಹೀಗೆ ಬೆಳೆದವಳಿಗೆ ಮೆತ್ತನೆಯ ಮಾತು ಎಲ್ಲಿಂದ ಬರಬೇಕು? ಕಣ್ಣು ಕೆಕ್ಕರಿಸಿದರೆ ಹುಡುಗಿಯರ ನಾಲಗೆಯ ಪಸೆ ಆರುತ್ತಿತ್ತು. ಈ ಸಲದ ಗುಂಪಿನಲ್ಲಿ ಅವಳ ಬಾಯಿಗೆ ಹೆಚ್ಚು ಸಿಕ್ಕವಳು ಒಬ್ಬ ಸಣಕಲು ಹುಡುಗಿ. ಮೆಡಿಕಲ್ ವಾರ್ಡಿನಲ್ಲಿ ಅವಳ ಕೈ ಚೆನ್ನಾಗಿಯೇ ಓಡುತ್ತಿತ್ತು. ಸರ್ಜಿಕಲ್ ವಾರ್ಡಿಗೆ ಕಾಲಿಟ್ಟದ್ದೇ ತಡ, ಕೈಯಲ್ಲಿ ಸ್ಟೀಲ್ ಟ್ರೇ ಹಿಡಿದರೆ ಕತ್ತರಿ, ಇಕ್ಕಳ ಎಲ್ಲಾ ಗಲಗಲ ಎನ್ನುತ್ತಿದ್ದವು. ಬೆನ್ನಕ್ಕ ಅವಳಿಗೆ ನಡುಗುಬಳ್ಳಿ ಎಂದು ಹೆಸರಿಟ್ಟಳು.

"ಈ ಕೈ ರೋಗಿಯ ಮೈ ಮುಟ್ಟೋ ಕೈ ಅಲ್ಲ," ಎಂದು ಎಲ್ಲರ ಮುಂದೆಯೇ ಹೇಳಿದ್ದಳು. "ಪೋಸ್ಟಿಂಗ್ ಮುಗಿಯೋದ್ರೊಳಗೆ ನಡುಕ ನಿಲ್ಲದಿದ್ರೆ ಪಾಸ್ ಮಾಡಲ್ಲ. ಮನೆಗೆ ಹೋಗಿ ಬೇರೆ ಕಸುಬು ನೋಡ್ಕೋ."

ಹುಡುಗಿ ಅತ್ತಿರಲಿಲ್ಲ. ಕೈಯನ್ನು ಹಿಂದಕ್ಕೆ ಕಟ್ಟಿಕೊಂಡು ನಿಂತಿದ್ದಳು, ಅಷ್ಟೆ.

ಈಗ ವಾರ್ಡಿನ ಹಿರಿಯ ಸಿಸ್ಟರ್ ಯಾರಿಗೆ ಯಾವ ಮಂಚ ಎಂದು ಹಂಚಿದಾಗ ಕಿಟಕಿ ಪಕ್ಕದ ಮಂಚ ನಡುಗುಬಳ್ಳಿಯ ಪಾಲಿಗೆ ಬಂತು. ಬೆನ್ನಕ್ಕ ಮಂಚದಲ್ಲೇ ನೆಟ್ಟಗೆ ಕೂತಳು.

"ಇವಳಾ? ಇಡೀ ಗುಂಪಲ್ಲಿ ಬೇರೆ ಯಾರೂ ಸಿಗಲಿಲ್ವಾ ನಿಮಗೆ?"

"ನೀವೇ ಹೇಳಿದ್ದಲ್ವಾ, ರೋಗಿ ನರ್ಸನ್ನ ಆರಿಸ್ಕೊಳ್ಳೋ ಹಾಗಿಲ್ಲ ಅಂತ," ಎಂದು ಸಿಸ್ಟರ್ ನಕ್ಕು ಮುಂದಿನ ಮಂಚಕ್ಕೆ ನಡೆದಳು.

ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ಗಂಡ ಮುಸಿಮುಸಿ ನಕ್ಕ. ಅವನು ದರ್ಜಿ. ಕತ್ತಿನಲ್ಲಿ ಅಳತೆಯ ಟೇಪು ನೇತುಹಾಕಿಕೊಂಡೇ ಆಸ್ಪತ್ರೆಗೆ ಬಂದಿದ್ದ. "ಊರಿಗೆಲ್ಲ ಬೈದಿದ್ದು ಸಾಕು, ಇವತ್ತೊಂದು ದಿನ ಬಾಯಿಗೆ ಗುಂಡಿ ಹಾಕ್ಕೊಳ್ಳೇ," ಎಂದ.

"ರೀ, ನೀವು ಸುಮ್ನಿರ್ರೀ. ಒಳಗೆ ಹೋದ್ಮೇಲೆ ಕೊಯ್ದು ಹೊಲಿಯೋದು ಅವರ ಕೆಲಸ. ಅಲ್ಲಿಗೂ ಬಂದು ಸೂಜಿ ಸರಿ ಇಲ್ಲ ಅನ್ಬೇಡಿ."

ಹೇಳಿದ್ದು ತಮಾಷೆಯಾಗಿ. ಆದರೆ ಗಾಲಿಮಂಚ ಬಂದಾಗ ಅವನ ಬೆರಳನ್ನು ಅವಳು ಬಿಡಲೇ ಇಲ್ಲ. ಬಿಡಿಸಲು ಅವನೇ ಒಂದೊಂದಾಗಿ ಬೆರಳು ಎತ್ತಬೇಕಾಯಿತು. ಹುಡುಗಿಯರು ಕಂಡು ಮತ್ತೆ ಕಣ್ಣು ಕಣ್ಣು ಬಿಟ್ಟರು. ಎಷ್ಟೋ ಜನರನ್ನು "ಏನೂ ಆಗಲ್ಲ, ನಡೀರಿ" ಎಂದು ಆ ಬಾಗಿಲೊಳಗೆ ತಳ್ಳಿದವಳು ಅವಳು.

ಎಚ್ಚರವಾದಾಗ ಬೆನ್ನಕ್ಕನಿಗೆ ಮೊದಲು ಕಂಡದ್ದು ವಾರ್ಡಿನ ಚಾವಣಿ. ಇಷ್ಟು ವರ್ಷ ಅದರ ಕೆಳಗೆ ಓಡಾಡಿದ್ದಾಳೆ, ಒಮ್ಮೆಯೂ ತಲೆ ಎತ್ತಿ ನೋಡಿರಲಿಲ್ಲ. ಸುಣ್ಣ ಉದುರಿ ಅಲ್ಲೊಂದು ದೊಡ್ಡ ಕಲೆ. ರೋಗಿಗಳು ದಿನವಿಡೀ ಇದನ್ನೇ ನೋಡುತ್ತಾರಾ? ಅವಳಿಗೆ ದಿಗಿಲಾಯಿತು. ಬಲ ಪಕ್ಕೆಯಿಂದ, ಒಳಗೆ ಸೇರಿದ ನೀರು, ರಕ್ತ ಹೊರಬರಲೆಂದು ಇಟ್ಟ ಒಂದು ರಬ್ಬರ್ ಕೊಳವೆ ಇಳಿದು ಬಾಟಲಿಗೆ ಹೋಗಿತ್ತು. ಹೊಟ್ಟೆಯ ಮೇಲೆ ಹೊಸ ಡ್ರೆಸ್ಸಿಂಗ್, ಹಾಲಿನ ಹಾಗೆ ಬೆಳ್ಳಗೆ.

ಡ್ಯೂಟಿ ಡಾಕ್ಟರು ಕಾಲಿನ ಬಳಿ ನಿಂತು, "ಹೇಗಿದ್ದೀರಾ ಮೇಡಂ?" ಎಂದರು.

"ಚೆನ್ನಾಗಿದ್ದೀನಿ. ಡ್ರೆಸ್ಸಿಂಗ್ ಒದ್ದೆ ಆಗಿಲ್ಲ. ನೋವು ತಡ್ಕೊಳ್ಳೋ ಹಾಗಿದೆ."

"ನಿಮಗೆ ನಾವೇನು ಹೇಳೋದಿದೆ!" ಎಂದು ಅವರು ಕೈಮುಗಿದು ಹೋದರು. ಹಿರಿಯ ಸಿಸ್ಟರ್ ಬಂದವಳೂ ದೂರದಿಂದಲೇ, "ಮೇಡಮ್ಮೇ ಹೇಳ್ತಾರೆ ಬಿಡಿ" ಎಂದು ತಿರುಗಿದಳು. ಯಾವ ರೋಗಿಯ ಮಾತನ್ನೂ ಹಾಗೆ ನಂಬಿ ಹೋಗಬಾರದು ಎಂದು ಕಲಿಸಿದವಳ ಮಾತನ್ನು ಎಲ್ಲರೂ ನಂಬಿ ಹೋದರು. ಅವಳಿಗೂ ಅದು ಹಿತವಾಗಿತ್ತು.

ನಡುಗುಬಳ್ಳಿ ಮಾತ್ರ ಬಂದು ನಾಡಿ ಹಿಡಿದಳು. ಬೀಪಿ ನೋಡಿದಳು. ಆಮೇಲೆ, "ಮೇಡಂ, ಬೆನ್ನು ನೋಡ್ಲಾ?" ಎಂದಳು.

"ಏನು?"

"ಬೆನ್ನ ಕೆಳಗೆ... ಕೈ..."

"ನಂಗೇ ಪಾಠನಾ? ನಾನು ಹೇಳ್ಕೊಟ್ಟಿದ್ದನ್ನ ನನ್ಮೇಲೇ ಒಪ್ಪಿಸ್ತೀಯಾ? ಒದ್ದೆ ಆದ್ರೆ ನಂಗೆ ಗೊತ್ತಾಗಲ್ವಾ? ಹೋಗು, ಆ ಕಡೆ ಮಂಚದ ಅಜ್ಜಿಗೆ ಮಗ್ಗುಲು ಬದಲಾಯಿಸು."

ಹುಡುಗಿ ಹೋದಳು.

ಒದ್ದೆ ಗೊತ್ತಾಗಲಿಲ್ಲ. ಮಂಪರಿಗೆ ಕೊಟ್ಟ ಮದ್ದು ಇನ್ನೂ ಇಳಿದಿರಲಿಲ್ಲ, ಮೈಯ ಬಿಸಿಯಲ್ಲೇ ಇರುವ ರಕ್ತ ಬೆವರಿಗಿಂತ ಬೇರೆ ಅನ್ನಿಸುವುದೂ ಇಲ್ಲ. ಬೆನ್ನಕ್ಕನಿಗೆ ಗೊತ್ತಾದದ್ದು ಬರೀ ಸಿಟ್ಟು. ಫ್ಯಾನಿನ ಗಾಳಿ ಹೆಚ್ಚಾಯಿತು ಎಂದು ಸಿಟ್ಟು, ನಿಲ್ಲಿಸಿದರೆ ಉಸಿರುಗಟ್ಟುತ್ತದೆ ಎಂದು ಸಿಟ್ಟು. ಹೊದಿಕೆ ಕಿತ್ತೆಸೆದಳು, ಮತ್ತೆ ಎಳೆದುಕೊಂಡಳು. ಆಕಳಿಕೆ ಮೇಲೆ ಆಕಳಿಕೆ.

"ನೀರು ಕೊಡ್ರೀ. ಒಂದು ಗುಟುಕು."

"ಡಾಕ್ಟರು ಬೇಡ ಅಂದಿದ್ದಾರಲ್ಲೇ," ಎಂದ ಗಂಡ.

"ಅವರಿಗೇನು ಗೊತ್ತು! ಗಂಟಲು ಬೆಂಕಿ ಆಗಿದೆ. ನೀವು ಮದುವೆ ಆದಾಗಿಂದ ನಂಗೆ ಇಲ್ಲ ಅನ್ನೋದೇ ಆಯ್ತು."

ದರ್ಜಿ ಟೇಪನ್ನು ಬೆರಳಿಗೆ ಸುತ್ತುತ್ತಾ ಎದ್ದು ಅಜ್ಜಿಯ ಮಂಚದ ಬಳಿಗೆ ಬಂದ. ಹುಡುಗಿಯನ್ನು ಮೆಲ್ಲಗೆ ಕರೆದ. "ಮಗಳೇ, ಇವಳು ಜಗಳಗಂಟಿ ಅಂತ ನಂಗೆ ಗೊತ್ತು. ದಿನಾ ಆಡ್ತೀವಿ. ಆದ್ರೆ ನನ್ನ ಹತ್ರ ಜಗಳ ಆಡಿದ್ಮೇಲೆ ಗೊರಕೆ ಹೊಡೀತಾಳೆ. ಇವತ್ತು ಹೊರಳಾಡ್ತಿದ್ದಾಳೆ. ಇದು ಅವಳ ಜಗಳ ಅಲ್ಲ."

ಹುಡುಗಿ ಮನಸ್ಸಿನಲ್ಲೇ ಎಣಿಸಿದಳು. ಬಾಯಾರಿಕೆ, ಆಕಳಿಕೆ, ಕಾರಣವಿಲ್ಲದ ಚಡಪಡಿಕೆ. ಎಲ್ಲೋ ರಕ್ತ ಸೋರುತ್ತಿರುವ ಮನುಷ್ಯ ಮೊದಲು ಹೀಗೆ ಜಗಳಕ್ಕೆ ನಿಲ್ಲುತ್ತಾನೆ ಎಂದು ಇದೇ ವಾರ್ಡಿನಲ್ಲಿ ಹೇಳಿಕೊಟ್ಟವಳು ಬೆನ್ನಕ್ಕನೇ.

ಹುಡುಗಿ ಗ್ಲೌಸ್ ಎಳೆದುಕೊಂಡಳು. ನಡುಕಕ್ಕೆ ಎರಡು ಬೆರಳು ಒಂದೇ ಸಂದಿಗೆ ಹೋದವು. ಬಿಡಿಸಿ ಮತ್ತೆ ಹಾಕಿದಳು. ಮಂಚದ ಬಳಿ ಬಂದವಳು ಏನೂ ಕೇಳಲಿಲ್ಲ. ಬಗ್ಗಿ, ಬಲ ಪಕ್ಕೆಯ ಕೆಳಗಿನಿಂದ ಕೈ ತೂರಿಸಿದಳು.

"ಏಯ್! ತೆಗಿ ಕೈ!" ಬೆನ್ನಕ್ಕ ಅರಚಿದಳು. "ಬೇಡ ಅಂದಿಲ್ವಾ? ಫೇಲು ನೀನು! ಇವತ್ತೇ ಫೇಲು!"

ಕೈ ನಿಲ್ಲಲಿಲ್ಲ. ಹಕ್ಕಿಮರಿಯ ಹಾಗೆ ಅದುರುತ್ತಾ ಬೆನ್ನ ಉದ್ದಕ್ಕೂ ಒಳಗೆ ಒಳಗೆ ಹೋಗುವುದು ಬೆನ್ನಕ್ಕನಿಗೆ ತಿಳಿಯುತ್ತಿತ್ತು. ಆಮೇಲೆ ಹೊರಗೆ ಬಂತು. ಬಿಳಿ ಗ್ಲೌಸು ಮಣಿಕಟ್ಟಿನವರೆಗೂ ಕೆಂಪು. ಬೆರಳ ತುದಿಯಿಂದ ತೊಟ್ಟಿಕ್ಕುತ್ತಿತ್ತು.

ಬೆನ್ನಕ್ಕ ಅದನ್ನೇ ನೋಡಿದಳು. "ಯಾರದದು?" ಎಂದಳು.

ನಿಜಕ್ಕೂ ಅವಳಿಗೆ ಹೊಳೆಯಲಿಲ್ಲ. ರಕ್ತ ಎಂದರೆ ಬೇರೆಯವರದು. ಅದನ್ನು ಕಂಡೊಡನೆ ಓಡುವ ಕಾಲು ತನ್ನದು. ಕಾಲನ್ನು ಎತ್ತಲು ಹೋದಳು. ಕಾಲು ಏಳಲಿಲ್ಲ. ಆಗ ಅರ್ಥವಾಯಿತು. ಹೊಟ್ಟೆಯ ಮೇಲಿನ ಡ್ರೆಸ್ಸಿಂಗ್ ಇನ್ನೂ ಹಾಲಿನ ಹಾಗೆ ಬೆಳ್ಳಗೇ ಇತ್ತು.

ಹುಡುಗಿ ಕೂಗಲು ಬಾಯಿ ತೆರೆದಳು, ದನಿ ಹೊರಡಲಿಲ್ಲ. ಪಕ್ಕದಲ್ಲಿದ್ದ ಸ್ಟೀಲ್ ಟ್ರೇ ಎತ್ತಿ ಮಂಚದ ಸರಳಿಗೆ ಬಡಿದಳು. ಕತ್ತರಿ, ಇಕ್ಕಳ, ಬಟ್ಟಲು ಎಲ್ಲಾ ಚೆಲ್ಲಾಪಿಲ್ಲಿ. ಬಡಿದಳು, ಬಡಿಯುತ್ತಲೇ ಇದ್ದಳು. ಇಡೀ ವಾರ್ಡು ಬೆಚ್ಚಿಬಿದ್ದು ಎದ್ದು ಕೂತಿತು. ಸಿಸ್ಟರ್ ಓಡಿಬಂದಳು, ಡಾಕ್ಟರು ಓಡಿಬಂದರು. ಮಗ್ಗುಲು ಹೊರಳಿಸಿದರೆ ಕೆಳಗಿನ ಹಾಸು ಪೂರ್ತಿ ಕೆಂಪು. ಆಮೇಲೆ ಗಾಲಿಮಂಚ, ರಕ್ತದ ಬಾಟಲಿ, ಓಡು. ಬಾಗಿಲು ಮುಚ್ಚುವಾಗ ಬೆನ್ನಕ್ಕನ ಕಣ್ಣು ಗಂಡನ ಮೇಲಿರಲಿಲ್ಲ. ಗೋಡೆಗೆ ಒರಗಿ ತನ್ನ ಕೆಂಪು ಕೈಯನ್ನು ಮುಂದಕ್ಕೆ ಚಾಚಿಕೊಂಡೇ ನಿಂತಿದ್ದ ಹುಡುಗಿಯ ಮೇಲಿತ್ತು.

ಕೊಳವೆ ಇಳಿಸಿದ ತೂತಿನ ಅಂಚಿನಲ್ಲಿ ಒಂದು ರಕ್ತನಾಳದ ಕಟ್ಟು ಜಾರಿತ್ತಂತೆ. ರಕ್ತ ಬಾಟಲಿಗೆ ಬರದೆ, ಡ್ರೆಸ್ಸಿಂಗಿಗೆ ಏರದೆ, ಕೊಳವೆಯ ಪಕ್ಕದಿಂದಲೇ ನುಸುಳಿ ಬೆನ್ನಡಿಗೆ ಇಳಿಯುತ್ತಿತ್ತು. ಇನ್ನೊಂದು ಸ್ವಲ್ಪ ತಡವಾಗಿದ್ದರೆ, ಎಂದು ಶುರುಮಾಡಿದ ದೊಡ್ಡ ಡಾಕ್ಟರು ಮಾತನ್ನು ಅಲ್ಲಿಗೇ ನುಂಗಿಕೊಂಡರು. ದರ್ಜಿಗೆ ಮಾತ್ರ ತಡೆಯಲಾಗಲಿಲ್ಲ. "ನಾನು ಹೊಲಿದ ಅಂಗಿ ಬಿಚ್ಕೊಂಡ್ರೆ ಗಿರಾಕಿ ಅಂಗಡಿಗೇ ಬಂದು ಮುಖದ ಮೇಲೆ ಎಸೀತಾನೆ ಸ್ವಾಮಿ," ಎಂದವನು, ಹೇಳಿ ಮುಗಿಸುವಷ್ಟರಲ್ಲಿ ಗೋಡೆಯ ಕಡೆ ತಿರುಗಿ ಬಿಕ್ಕಿದ.

ಎದ್ದು ಕೂರುವಷ್ಟು ತ್ರಾಣ ಬಂದ ದಿನ ಬೆನ್ನಕ್ಕ ನಡುಗುಬಳ್ಳಿಯನ್ನು ಕರೆಸಿದಳು. ಹುಡುಗಿ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡೇ ಬಂದಳು.

"ಯಾರನ್ನ ಕೇಳಿ ಕೈ ಹಾಕ್ದೆ?"

"ಯಾರ್ನೂ ಕೇಳ್ಲಿಲ್ಲ ಮೇಡಂ. ಕೇಳಿದ್ರೆ ನೀವು ಬೈತಿದ್ರಿ."

"ಬೈದೆನಲ್ಲ."

"ಬೈದ್ರಿ. ಆಗ್ಲೇ ಕೈ ಒಳಗಿತ್ತು."

ಬೆನ್ನಕ್ಕ ಚಾವಣಿಯ ಕಲೆ ನೋಡಿದಳು. "ನಡುಗ್ತಿತ್ತು."

"ಈಗ್ಲೂ ನಡುಗುತ್ತೆ ಮೇಡಂ. ನಿಲ್ಲಲ್ಲ ಅನ್ಸುತ್ತೆ. ನಾನು ಫೇಲಾ?"

"ಮೊದಲನೇ ಸಲ ನಾನು ಗದರಿಸಿದೆ ಅಂತ ವಾಪಸ್ ಹೋದ್ಯಲ್ಲ, ಅದಕ್ಕೆ ಫೇಲು ಮಾಡ್ಬೇಕಿತ್ತು," ಎಂದಳು ಬೆನ್ನಕ್ಕ. ಹುಡುಗಿ ತಲೆ ತಗ್ಗಿಸಿದಳು. "ಆದ್ರೆ ಆ ಫೇಲು ನಂದು ಕಣೇ. ಬೆನ್ನಡಿಗೆ ಕೈ ಹಾಕು ಅಂತ ಒಂದು ಬಾಯಲ್ಲಿ ಹೇಳ್ತಿದ್ದೆ. ಹತ್ರ ಬರ್ಬೇಡ ಅಂತ ಇನ್ನೊಂದು ಬಾಯಲ್ಲಿ ಹೆದರಿಸ್ತಿದ್ದೆ. ಡಾಕ್ಟರು, ಸಿಸ್ಟರು ಎಲ್ಲಾ ಎರಡನೇ ಬಾಯಿ ಮಾತೇ ಕೇಳಿದ್ರು. ನೀನು ಪಾಸು, ಹೋಗು. ಅಳ್ಬೇಡ, ಅತ್ರೆ ಕ್ಯಾನ್ಸಲ್ಲು."

ಹುಡುಗಿ ಅಳಲಿಲ್ಲ. ಬಾಗಿಲ ಹೊರಗೆ ಹೋದ ಮೇಲೆ ಏನು ಮಾಡಿದಳೋ ಬೆನ್ನಕ್ಕ ನೋಡಲು ಹೋಗಲಿಲ್ಲ.

ಮುಂದಿನ ವರ್ಷದ ಗುಂಪಿನ ಹುಡುಗಿಯರು ಸರ್ಜಿಕಲ್ ವಾರ್ಡಿಗೆ ಬಂದ ಮೊದಲ ದಿನವೇ ಹೌಹಾರಿದರು. ತುರುಬು ಕಟ್ಟಿ, ಗರಿಗರಿ ಸಮವಸ್ತ್ರ ಉಟ್ಟ ಮೇಡಂ ಖಾಲಿ ಮಂಚದ ಮೇಲೆ ಬೂಟು ಬಿಚ್ಚಿ ಅಂಗಾತ ಮಲಗಿದ್ದರು. ಬೆನ್ನಡಿಯಲ್ಲಿ, ಯಾರಿಗೂ ಕಾಣದ ಹಾಗೆ, ನೀರಲ್ಲಿ ಅದ್ದಿದ, ಗಾಯಕ್ಕೆ ಇಡುವ ಗಾಜ್ ಬಟ್ಟೆ ಒಂದಿತ್ತು.

"ಇವತ್ತಿನ ರೋಗಿ ನಾನು. ಒಬ್ಬೊಬ್ಬರೇ ಬಂದು ನೋಡ್ಕೊಳ್ಳಿ," ಎಂದರು.

ಮೊದಲನೆಯವಳು ಹತ್ತಿರ ಬಂದು ಬಗ್ಗಿದಳು.

"ಏಯ್! ಯಾವಳೇ ಅವಳು? ಮುಟ್ಟಿದ್ರೆ ಕೈ ಮುರೀತೀನಿ!" ಎಂದು ಮೇಡಂ ಅಬ್ಬರಿಸಿದರು. ಅವಳು ಹಿಂದಕ್ಕೆ ಹಾರಿದಳು. ಎರಡನೆಯವಳು ಬರುವ ಮೊದಲೇ ಓಡಿದಳು. ಮೂರನೆಯವಳ ಕಣ್ಣಲ್ಲಿ ನೀರು.

ಮಂಚದ ತಲೆಬದಿಗೆ, ಈಗ ಅದೇ ವಾರ್ಡಿನಲ್ಲಿ ಕೆಲಸಕ್ಕೆ ಸೇರಿದ್ದ ನಡುಗುಬಳ್ಳಿ ಟ್ರೇ ಹಿಡಿದು ನಿಂತಿದ್ದಳು. ಟ್ರೇಯಲ್ಲಿ ಇಕ್ಕಳ ಗಲಗಲ ಎನ್ನುತ್ತಿತ್ತು.

"ಬೈತಾರೆ," ಎಂದಳು ಅವಳು ಹುಡುಗಿಯರಿಗೆ. "ಚೆನ್ನಾಗಿ ಬೈತಾರೆ. ಬೈಯಲಿ. ನೀವು ಕೈ ಹಾಕಿ."