ಆರನೇ ಮನೆಯ ಬೀಗ

ಮೈಸೂರಿನ ಅಗ್ರಹಾರದಲ್ಲಿ ನಾನು ಬಾಡಿಗೆಗೆಂದು ಬಾಗಿಲು ತಟ್ಟಿದ ಮನೆಗಳಲ್ಲೆಲ್ಲ ನನ್ನ ಹೆಸರಿಗಿಂತ ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ಯಾರ ಕಡೆಯಿಂದ ಬಂದ್ರಿ?" ನಮ್ಮ ರಾಯಚೂರಿನಲ್ಲಿ ಯಾವೂರು ಎಂದು ಕೇಳುತ್ತಾರೆ, ಅದಕ್ಕೆ ಎಲ್ಲರ ಬಳಿಯೂ ಉತ್ತರವಿರುತ್ತದೆ. ಇಲ್ಲಿಯ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ಮೊದಲೇ ಇಲ್ಲಿಯವರಾಗಿರಬೇಕು. ಕಾಲೇಜಿನಲ್ಲಿ ನಾನು ಗೆಲ್ಲುತ್ತಿದ್ದ ಚರ್ಚಾಸ್ಪರ್ಧೆಯಲ್ಲಾಗಿದ್ದರೆ ಇಂಥ ಪ್ರಶ್ನೆಯನ್ನು ಮೊದಲ ನಿಮಿಷದಲ್ಲೇ ಹರಿದು ಹಾಕುತ್ತಿದ್ದೆ.

ನನ್ನ ತಾತ್ಕಾಲಿಕ ಕೆಲಸದ ಸಂಬಳಕ್ಕೆ ಎಟುಕುವಂತಿದ್ದದ್ದು ಒಂದೇ: ದತ್ತಿಯೊಂದು ಬಡವರಿಗೆಂದು ಕಡಿಮೆ ಬಾಡಿಗೆಗೆ ಕೊಡುವ ವಠಾರ. ವಠಾರವೆಂದರೆ ಒಂದೇ ಅಂಗಳದ ಸುತ್ತ ಎಂಟು ಪುಟ್ಟ ಮನೆ, ಎಲ್ಲಕ್ಕೂ ಒಂದೇ ನಲ್ಲಿ. ಅಲ್ಲಿ ಜಾಗ ಸಿಗಬೇಕಾದರೆ ಹಳೆಯ ಬಾಡಿಗೆದಾರರೊಬ್ಬರು ದತ್ತಿಯ ಸಮಿತಿಯ ಮುಂದೆ ನಿಂತು "ಇವರು ನನಗೆ ಗೊತ್ತು" ಎನ್ನಬೇಕು. ವಠಾರಕ್ಕೇ ಹೋಗಿ ಕೇಳಿದಾಗ, ಮೂರನೇ ಮನೆಯಲ್ಲಿ ಹೂ ಕಟ್ಟಿ ಮಾರುವ ನಾಗರತ್ನಕ್ಕ ಒಪ್ಪಿದರು. ಸಮಿತಿ ಸೇರುವವರೆಗಿನ ಆ ತಿಂಗಳ ಭಾನುವಾರಗಳನ್ನೆಲ್ಲ ಅವರ ಪಕ್ಕದಲ್ಲೇ ಕಳೆದೆ. ರೊಟ್ಟಿ ಬಡಿದ ಕೈಗೆ ಮುದ್ದೆ ತಿರುವುವುದನ್ನು ಕಲಿಸಿದರು. "ನಾನಿದ್ದೀನಿ ಬುಡಮ್ಮ, ಅಂಗ್ಯಾಕ್ ಎದ್ರುಕೋತೀಯ?" ಎನ್ನುತ್ತಿದ್ದರು. ಒಂದು ದಿನ ಬೀಗ ಹಾಕಿದ ಆರನೇ ಮನೆಯ ಕಡೆ ಗದ್ದ ಎತ್ತಿ ತೋರಿಸಿ, ದನಿ ತಗ್ಗಿಸಿದರು: "ಅದು ಖಾಲಿನೇ ಕಣೆ. ಸಮಿತಿ ಅಧ್ಯಕ್ಷರು ಅವ್ರ ಮನೆ ಮದುವೆ ಪಾತ್ರೆ ತುಂಬವ್ರೆ."

ಅಕ್ಕನ ಜೊತೆ ಸಮಿತಿಯೆದುರು ನಿಂತಾಗ ಅಧ್ಯಕ್ಷರು, "ಮನೆ ಖಾಲಿ ಇಲ್ವಲ್ಲಮ್ಮ" ಎಂದರು.

"ಆರನೇದು ಐತಲ್ಲ ಸರ್?"

"ಅದ್ರಲ್ಲಿ ಜನ ಇದಾರೆ."

ಎದುರಾಳಿ ಸುಳ್ಳು ಹೇಳಿದಾಗ ಸಾಕ್ಷಿ ಮುಂದಿಡಬೇಕೆಂದು ನನಗೆ ಕಲಿಸಿದ್ದಾರೆ. ಇಟ್ಟೆ. "ಜನ ಅಲ್ಲ ಸರ್, ನಿಮ್ಮ ಮನಿ ಮದುವೆ ಪಾತ್ರೆ. ನಾಗರತ್ನಕ್ಕನೇ ಹೇಳ್ಯಾರ, ಕೇಳ್ರಿ."

ವಾದ ಗೆದ್ದೆನೆಂದುಕೊಂಡೆ. ಅಧ್ಯಕ್ಷರು ಅಕ್ಕನ ಕಡೆ ತಿರುಗಿದರು.

"ಏನ್ ನಾಗರತ್ನಮ್ಮ, ಅಂಗಂದ್ರಾ?"

ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ನಾನ್ಯಾಕನ್ಲಿ ಬುದ್ಧಿ? ಈ ಹುಡ್ಗಿ ಯಾರೋ ನಂಗ್ ಗೊತ್ತೇ ಇಲ್ಲ."

ಹೊರಗೆ ಬಂದ ಮೇಲೆ ಅವರನ್ನು ತಡೆದೆ. "ತಿಂಗಳಿಡೀ ಉಣ್ಣಿಸಿದ್ರಲ್ಲಕ್ಕ, ಆಗ ನಾ ಗೊತ್ತಿದ್ನಾ?"

"ಉಣ್ಣಿಸ್ದೆ, ಇಲ್ಲ ಅಂದ್ನಾ? ನೀನಾದ್ರೆ ಇನ್ನೊಂದ್ ಮನೆ ನೋಡ್ಕೋತೀಯ. ನನ್ನ ಎಬ್ಬಿಸ್ಬುಟ್ರೆ, ಈ ವಯಸ್ಸಲ್ಲಿ ಯಾರ ಕಡೆಯಿಂದ ಬಂದೆ ಅಂತೇಳ್ಲಿ?"

ಅವರು ನಂಬಿ ಹೇಳಿದ ಗುಟ್ಟನ್ನು ಸಾಕ್ಷಿಯಾಗಿಸಿದವಳು ನೀನೇ ಅಲ್ಲವೇ ಎನ್ನುತ್ತೀರಿ. ಒಪ್ಪಿದೆ. ಅಕ್ಕನ ಕಾರಣವೂ ಸರಿಯೇ. ಆದರೆ ಕಾರಣ ಸರಿಯಿದ್ದ ಮಾತ್ರಕ್ಕೆ ದ್ರೋಹವು ದ್ರೋಹವಲ್ಲದೆ ಹೋಗುತ್ತದೆ ಎಂಬ ವಾದವನ್ನು ಮಾತ್ರ ನನ್ನೆದುರು ಯಾರೂ ಗೆಲ್ಲಲಾರರು.

ಈಗ ಊರಂಚಿನ ಹಿನಕಲ್‌ನಲ್ಲಿ, ತಗಡಿನ ಮಾಡಿನ ಒಂದು ಕೋಣೆಯಲ್ಲಿದ್ದೇನೆ. ಬಾಡಿಗೆ ಕೈಮೀರಿದ್ದು. ಮುದ್ದೆ ಮಾತ್ರ ಗಂಟಿಲ್ಲದೆ ಬರುತ್ತದೆ.

ಮೊನ್ನೆ ಫೋನಿನಲ್ಲಿ ಅವ್ವ ನಕ್ಕಳು. "ಮಾತೆಲ್ಲಾ ಮೈಸೂರಿನವ್ರಂಗ ಆಗ್ಯಾವಲ್ಲ! ಯಾರ ಕಲಿಸಿದ್ರ ನಿನಗ?"

"ಯಾರೋ, ಗೊತ್ತಿಲ್ಲ ಬುಡವ್ವ" ಎಂದೆ.