ಎರಡೂವರೆ ಸೆಂಟ್ಸಿನ ತಂತ್ರಾಂಶ

ಒಂದು ಸೋಮವಾರ ಬೆಳಿಗ್ಗೆ ನನ್ನ ಕಂಪ್ಯೂಟರು ನನ್ನಲ್ಲಿಯೇ ಪರವಾನಗಿ ಕೇಳಿತು. ನಕ್ಷೆ ಬಿಡಿಸುವ ತಂತ್ರಾಂಶವನ್ನು ತೆರೆಯಹೋದರೆ ಪರದೆಯ ನಟ್ಟನಡುವೆ ಒಂದು ಚೌಕ ಮೂಡಿ, ಈ ಪ್ರತಿ ಅಧಿಕೃತವಲ್ಲವೆಂದೂ ಇನ್ನು ಮುಂದೆ ಕೆಲಸ ಮಾಡಲಾರದೆಂದೂ ಸವಿನಯವಾಗಿ ನಿವೇದಿಸಿಕೊಂಡಿತು. ಅದರ ಮೇಲಿನ ಗೋಡೆಯಲ್ಲಿ, ಭೂಮಾಪಕನೆಂದು ಸರಕಾರ ನನಗೆ ದಯಪಾಲಿಸಿದ ಪರವಾನಗಿ ಪತ್ರ ಗಾಜಿನ ಚೌಕಟ್ಟಿನೊಳಗೆ ತೂಗುತ್ತಿತ್ತು. ಪುತ್ತೂರು, ಸುಳ್ಯ, ಕಡಬ ಎಂದು ಮೂರು ತಾಲೂಕು ತಿರುಗಿ ಅನ್ಯರ ಒತ್ತುವರಿಯನ್ನು ಗೇಣುಗೇಣಾಗಿ ಅಳೆದು ತೋರಿಸುವ ನಾನು, ಯಾರದೋ ತಂತ್ರಾಂಶವನ್ನು ಹತ್ತು ವರ್ಷಗಳಿಂದ ಸುಖವಾಗಿ ಅನುಭವಿಸಿಕೊಂಡು ಬಂದಿದ್ದೆ. ಕಂಪ್ಯೂಟರು ಕೊಂಡಾಗಲೇ ಅದು ಒಳಗಿತ್ತು. ಎಲ್ಲಿಂದ ಬಂತೆಂದು ನಾನು ವಿಚಾರಿಸಲಿಲ್ಲ. ವಿಚಾರಿಸದೆ ಇರುವುದರಲ್ಲಿ ಒಂದು ವಿಶೇಷ ನೆಮ್ಮದಿಯುಂಟು ಎಂಬುದನ್ನು ನೀವೂ ಬಲ್ಲಿರಿ.

ನನ್ನ ಕಚೇರಿಯೆಂದರೆ ಪುತ್ತೂರಿನ ಬಸ್ ನಿಲ್ದಾಣದ ಹತ್ತಿರ, ಬಟ್ಟೆಯಂಗಡಿಯೊಂದರ ಮಹಡಿಯಲ್ಲಿರುವ ಒಂದೂವರೆ ಕೋಣೆ. ಅಲ್ಲಿ ಇರುವವರು ಇಬ್ಬರೇ. ಹೊರಗೆ ಹೋಗಿ ಅಳೆಯುವವನು ನಾನು. ಒಳಗೆ ಕುಳಿತು ಅದನ್ನು ನಕ್ಷೆಯಾಗಿಸುವವರು ಬೆಳ್ಳಾರೆಯಿಂದ ದಿನಾ ಬಸ್ಸಿನಲ್ಲಿ ಬರುವ ಭಾರತಿ. ಹದಿನೈದು ವರ್ಷಗಳ ಅನುಭವಸ್ಥೆಯಾದ ಆಕೆ ಆ ಚೌಕವನ್ನು ಓದಿ, ಇನ್ನಾದರೂ ನಮ್ಮದೇ ಆದ ಒಂದು ತಂತ್ರಾಂಶ ತೆಗೆದುಕೊಳ್ಳಬೇಕೆಂದು ಮಾತ್ರ ಹೇಳಿದರು. ಅಷ್ಟರಲ್ಲಿ ನನ್ನ ವಿವೇಕ ಎಚ್ಚರಗೊಂಡು, ಆಯ್ಕೆಯ ಭಾರವನ್ನು ನಾನೇ ಹೊರುವುದಾಗಿ ಘೋಷಿಸಿತು.

ಮೊದಲು ನೋಡಿದ್ದು ಜಗದ್ವಿಖ್ಯಾತವಾದದ್ದನ್ನು. ಮಂಗಳೂರಿನಿಂದ ಬಂದ ಪ್ರತಿನಿಧಿಯೊಬ್ಬರು ಅದರಲ್ಲಿ ಸೇತುವೆಯನ್ನೂ ಹದಿನೆಂಟು ಮಹಡಿಯ ಕಟ್ಟಡವನ್ನೂ ಎಬ್ಬಿಸಿ, ತಿರುಗಿಸಿ, ಅದರ ಮೇಲೆ ಬಿಸಿಲು ಬೀಳಿಸಿ ತೋರಿಸಿದರು. ನಾನು ಮಂತ್ರಮುಗ್ಧನಾದೆ. ಗೇರುಗುಡ್ಡೆಗಳ ಮೂಲೆಗಲ್ಲು ಹುಡುಕುವ ನಮಗೆ ಆ ಬಿಸಿಲು ಯಾಕೆಂದು ಭಾರತಿ ಕೇಳಿದ ಮೇಲೆಯೇ ನನಗೆ, ಅದು ಮಾರುವ ವಸ್ತುವಲ್ಲ, ವರ್ಷ ವರ್ಷವೂ ಬಾಡಿಗೆ ತೆರಬೇಕಾದದ್ದೆಂದು ಕೇಳಿಸಿಕೊಳ್ಳುವ ಶಕ್ತಿ ಬಂದದ್ದು. ಎರಡನೆಯದು ಸಂಪೂರ್ಣ ಉಚಿತ, ಸಜ್ಜನ. ಆದರೆ ಕನ್ನಡದಲ್ಲಿ ಊರಿನ ಹೆಸರು ಬರೆದರೆ ‘ಕೊಲ್ಲಮೊಗ್ರು’ವಿನ ಒತ್ತಕ್ಷರಗಳೆಲ್ಲ ಪಕ್ಕದ ಅಕ್ಷರದ ಜಾಗವನ್ನು ಒತ್ತುವರಿ ಮಾಡಿದವು. ಮೂರನೆಯದು ಅಷ್ಟೇನೂ ಹೆಸರಿಲ್ಲದ ಕಂಪೆನಿಯದ್ದು. ಒಮ್ಮೆ ಕೊಂಡರೆ ಮುಗಿಯಿತು, ಬಾಡಿಗೆಯಿಲ್ಲ. ಒಂದು ತಿಂಗಳು ಬಳಸಿ ನೋಡಲು ಅವಕಾಶವೂ ಇತ್ತು. ಅಗ್ಗವಾದದ್ದನ್ನು ಅನುಮಾನಿಸುವುದು ಅಭಿರುಚಿಯ ಲಕ್ಷಣವೆಂದು ನಂಬಿರುವ ನಾನು ಮುಖ ಸಿಂಡರಿಸಿದೆ. ಭಾರತಿ ಮಾತ್ರ, ಹಿಂದೆ ಮುಗಿಸಿದ ಒಂದು ಕೆಲಸವನ್ನು ಅಳತೆಪುಸ್ತಕದಿಂದ ಹೊಸದಾಗಿ ಇದರಲ್ಲಿ ಬಿಡಿಸಿ, ಹಳೆಯ ನಕ್ಷೆಗೆ ಹೋಲಿಸಿ ನೋಡೋಣವೆಂದರು.

ಅವರು ಆರಿಸಿಕೊಂಡದ್ದು ಕೊಲ್ಲಮೊಗ್ರುವಿನ ಜತ್ತಪ್ಪ ಗೌಡರದ್ದೂ ಅವರ ತಂಗಿ ದೇವಕಿಯವರದ್ದೂ ಪಾಲಿನ ನಕ್ಷೆ. ಕಾಡಿನಂಚಿನ ಆ ಗುಡ್ಡೆಯನ್ನು ಹಳೆಯ ದರೆಯೊಂದರ, ಎಂದರೆ ಮಣ್ಣಿನ ಏರಿಯೊಂದರ, ಗುಂಟ ಇಬ್ಬರೂ ಹಂಚಿಕೊಂಡಿದ್ದರು. ಭಾರತಿ ರಜೆಯಲ್ಲಿದ್ದ ವಾರವಾದ್ದರಿಂದ ಆ ನಕ್ಷೆಯನ್ನು ಬಿಡಿಸಿದವನು ಸ್ವತಃ ನಾನು. ಅದರಂತೆ ಗಡಿಕಲ್ಲುಗಳನ್ನೂ ಹಾಕಿಸಿಯಾಗಿತ್ತು. ಮುಂದಿನ ವಾರ ಪಾಲುಪತ್ರದ ನೋಂದಣಿ.

ಮಧ್ಯಾಹ್ನದ ಹೊತ್ತಿಗೆ ಉತ್ತರ ಬಂತು. ಹೊಸ ತಂತ್ರಾಂಶದಲ್ಲಿ ದೇವಕಿಯವರ ಪಾಲು ಎರಡೂವರೆ ಸೆಂಟ್ಸು, ಎಂದರೆ ಒಂದು ಗುಂಟೆ ಜಾಗ, ಹೆಚ್ಚು; ಅಣ್ಣನದ್ದು ಅಷ್ಟೇ ಕಡಿಮೆ.

ನಾನು ವಿಜಯೋತ್ಸಾಹದಿಂದ, ಅಗ್ಗದ ಮಾಲಿನ ಗುಣವೇ ಅದೆಂದು ಒಂದು ಸಣ್ಣ ಉಪನ್ಯಾಸ ಕೊಟ್ಟೆ. ಭಾರತಿ ಅದನ್ನು ಪೂರ್ತಿ ಆಲಿಸಿ, ಹಳೆಯ ನಕ್ಷೆಯ ಕಡತವನ್ನೂ ಹೊಸದರಲ್ಲೇ ತೆರೆದು, ಎರಡನ್ನೂ ಒಂದೇ ಅಳತೆಯಲ್ಲಿ ಮುದ್ರಿಸಿ, ಒಂದರ ಮೇಲೊಂದಿಟ್ಟು ಕಿಟಕಿಯ ಗಾಜಿಗೆ ಹಿಡಿದರು. ಎಲ್ಲ ಗೆರೆಗಳೂ ಒಂದಾದವು, ದರೆಯ ನಡುವಣ ಒಂದು ತಿರುವಿನ ಹೊರತು. ಅಲ್ಲಿ ಪೊದೆ ದಟ್ಟವಾಗಿದ್ದುದರಿಂದ ಅಳೆಯುವ ಯಂತ್ರದ ನೋಟ ತಲುಪದೆ, ನಾನು ಟೇಪು ಹಿಡಿದು ಅಳೆದು ಕೈಯಲ್ಲಿ ಬರೆದುಕೊಂಡಿದ್ದೆ. ಅವರು ಅಳತೆಪುಸ್ತಕವನ್ನು ನನ್ನ ಮುಂದಿಟ್ಟರು. ನನ್ನದೇ ದುಂಡಗಿನ ಅಕ್ಷರದಲ್ಲಿ ಹದಿನಾಲ್ಕು ಪಾಯಿಂಟ್ ಆರು ಮೀಟರ್ ಎಂದಿತ್ತು.

“ನೀವು ಹದಿನಾರು ಪಾಯಿಂಟ್ ನಾಲ್ಕು ಅಂತ ಹಾಕಿದ್ದೀರಿ ಸರ್,” ಎಂದರು ಭಾರತಿ, ಬಹಳ ಮೆಲ್ಲಗೆ.

ಅಂಕಿ ತಪ್ಪಿದ್ದಕ್ಕಿಂತ ಹೆಚ್ಚಾಗಿ ನನ್ನನ್ನು ಚುಚ್ಚಿದ್ದು ಕಲ್ಲು ಹಾಕಿದ ದಿನದ ನೆನಪು. ಅಂದು ದೇವಕಿಯವರು ಕಲ್ಲಿನ ಬಳಿ ನಿಂತು, ದರೆ ಇಷ್ಟು ಈಚೆ ಬರುವುದಿಲ್ಲವೆಂದು ತೋರುತ್ತದೆ, ತಾನು ಚಿಕ್ಕಂದಿನಿಂದ ಇಲ್ಲಿ ಹುಲ್ಲು ಕೊಯ್ದವಳು ಎಂದಿದ್ದರು. ನಾನು ಗಂಭೀರ ಮುಖಮುದ್ರೆಯಿಂದ, ಇದು ಕಂಪ್ಯೂಟರಿನ ಲೆಕ್ಕ, ತಪ್ಪುವುದಿಲ್ಲ ಎಂದಿದ್ದೆ. ಇಡೀ ವೃತ್ತಿಜೀವನದಲ್ಲಿ ನಾನಾಡಿದ ಅತ್ಯಂತ ದೃಢವಾದ ವಾಕ್ಯ ಅದೇ ಇರಬೇಕು.

ಗಾಡಿ ಹತ್ತಿ ಕೊಲ್ಲಮೊಗ್ರುವಿಗೆ ಹೊರಟೆ. ಸುಬ್ರಹ್ಮಣ್ಯದವರೆಗೂ ಮನಸ್ಸು ಒಂದೇ ವಾಕ್ಯವನ್ನು ತಿದ್ದಿ ತಿದ್ದಿ ಬರೆಯುತ್ತಿತ್ತು: ಹಳೆಯ ತಂತ್ರಾಂಶದಲ್ಲಿ ದೋಷವಿತ್ತು, ಅದನ್ನು ಈಗ ಬದಲಾಯಿಸಿದ್ದೇನೆ. ಸುಂದರ ವಾಕ್ಯ. ಕೇಳಿದವರು ಪ್ರಶ್ನಿಸುವಂತಿಲ್ಲ, ಆರೋಪಿ ಬಾಯಿ ಬಿಡುವಂತಿಲ್ಲ. ಆದರೆ ಗೌಡರ ಜಗಲಿಯಲ್ಲಿ ಅಣ್ಣ ತಂಗಿ ಇಬ್ಬರೂ ಎದುರು ಕುಳಿತಾಗ ಆ ವಾಕ್ಯ ಉಪಯೋಗಕ್ಕೆ ಬರಲಿಲ್ಲ. ಅಂಕಿಯನ್ನು ಹಿಂದುಮುಂದಾಗಿ ಹಾಕಿದವನು ನಾನು, ದೇವಕಿಯಕ್ಕ ಹೇಳಿದ್ದೇ ಸರಿ ಎಂದು ಎರಡೂ ನಕ್ಷೆಗಳನ್ನು ಮುಂದಿಟ್ಟೆ.

ಜತ್ತಪ್ಪ ಗೌಡರು ಎರಡು ನಕ್ಷೆಗಳನ್ನೂ ಹೋಲಿಸಿ ನೋಡಿದರು. ಜಾಗ ಕಳೆದುಕೊಳ್ಳುವವರು ಅವರು. ಸಿಟ್ಟಾಗುವ ಹಕ್ಕು ಅವರಿಗಿತ್ತು. “ಇದು ರಿಜಿಸ್ಟ್ರಿ ಆದ ಮೇಲೆ ಗೊತ್ತಾಗಿದ್ರೆ ಎಂತ ಮಾಡುದು ಮಾರಾಯ್ರೆ? ನಾನೇ ತಂಗಿಯ ಜಾಗ ನುಂಗಿದ್ದು ಅಂತ ಆಗ್ತಿತ್ತು,” ಎಂದು, ಕಲ್ಲು ಕೀಳಲು ಹಾರೆ ತೆಗೆದುಕೊಂಡು ತಾವೇ ದರೆಯ ಕಡೆಗೆ ಮುಂದಾದರು.

ಯಂತ್ರವನ್ನು ನಿಲ್ಲಿಸಲು ನಾನು ಜಾಗ ನೋಡುತ್ತಿರುವಾಗ ದೇವಕಿಯವರು ಪೊದೆ ಸರಿಸಿ ಒಂದೆಡೆ ನಿಂತು, ದರೆ ಇಲ್ಲಿಯೇ ಇತ್ತೆಂದರು. ಈ ಸಲ ನಾನು ಕಂಪ್ಯೂಟರಿನ ಹೆಸರೆತ್ತದೆ ಪೊದೆಯನ್ನು ಕಡಿಸಿ, ಅಳೆದು, ಎರಡನೆಯ ಬಾರಿ ಅಳೆದು ಗೂಟ ಹೊಡೆದೆ. ಗೂಟ ಅವರ ಪಾದಕ್ಕಿಂತ ಒಂದು ಗೇಣು ಈಚೆಗೆ ಬಿತ್ತು; ಆ ಒಂದು ಗೇಣು ಅಣ್ಣನ ಜಾಗ. ನಾನು ಮುಜುಗರದಿಂದ ತಲೆಯೆತ್ತಿದೆ. ಅವರು ಗೂಟವನ್ನೂ ತಮ್ಮ ಪಾದವನ್ನೂ ನೋಡಿ, ನಕ್ಕು, ಒಂದು ಹೆಜ್ಜೆ ಹಿಂದೆ ಸರಿದರು.

“ನನ್ನದೂ ತಪ್ಪುದುಂಟು,” ಎಂದರು. “ನೀವು ಇವತ್ತು ಎರಡು ಸರ್ತಿ ಅಳ್ದದ್ದು ನೋಡಿದೆ. ಸಾಕು.”

ಹಿಂದಿರುಗುವ ದಾರಿಯಲ್ಲಿ ಸುಬ್ರಹ್ಮಣ್ಯದ ಹೋಟೆಲೊಂದರಲ್ಲಿ ಚಹಾ ಕುಡಿಯುತ್ತ ಭಾರತಿಗೆ ಫೋನು ಮಾಡಿ, ದೀರ್ಘ ಪರ್ಯಾಲೋಚನೆಯ ನಂತರ ಆ ಮೂರನೆಯ ತಂತ್ರಾಂಶವನ್ನೇ ಕೊಳ್ಳಲು ತೀರ್ಮಾನಿಸಿದ್ದೇನೆಂದು ತಿಳಿಸಿದೆ. ನಾನು ಹೊರಟ ಕೂಡಲೇ ಅದನ್ನು ಕೊಂಡಾಯಿತೆಂದೂ ಗೌಡರ ಹೊಸ ನಕ್ಷೆ ಅದರಲ್ಲಿಯೇ ತಯಾರಾಗುತ್ತಿದೆಯೆಂದೂ ಆಕೆ ಹೇಳಿದರು. ನನಗೇನೂ ಬೇಸರವಾಗಲಿಲ್ಲ.

ಮರುದಿನ ಬೆಳಿಗ್ಗೆ ಆ ನಕ್ಷೆ ಸಹಿಗಾಗಿ ನನ್ನ ಮೇಜಿನ ಮೇಲಿತ್ತು. ಪೆನ್ನು ತೆರೆದವನು ಮುಚ್ಚಿದೆ. ಅಳತೆಪುಸ್ತಕವನ್ನು ಭಾರತಿಯ ಕೈಗೆ ಕೊಟ್ಟು, ಅಂಕಿಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿ ಎಂದೆ. ಅವರು ಓದತೊಡಗಿದರು, ನಾನು, ಒಂದನೇ ಕ್ಲಾಸಿನ ವಿದ್ಯಾರ್ಥಿಯಂತೆ, ನಕ್ಷೆಯ ಮೇಲೆ ಬೆರಳಿಟ್ಟು ನೋಡುತ್ತ ಹೋದೆ.